ಬಿರಿಯ ಕುಳ್ಳಯ್ಯ ಮತ್ತು ಜಾರುವ ಸಾರೋಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆನೇಮಹಲಿನ ರಸ್ತೆ ಬದಿಯ ಹುಲ್ಲು ಮಾಡಿನ ಕೆಳಗೆ ಕುಳ್ಳಯ್ಯ ಅತ್ತಿಮರದ ತುಂಡೊಂದನ್ನು ಪಾದಗಳ ನಡುವೆ ಅದುಮಿ ಹಿಡಿದು ಬಾಚಿಯಿಂದ ಕೆತ್ತುತ್ತಿದ್ದಾರೆ. ನಾಲ್ಕು ಏಟು ಹಾಕುತ್ತಾರೆ, ನಿಲ್ಲಿಸುತ್ತಾರೆ, ಹೆಬ್ಬೆರಳಿನ ಉಗುರು ಊರಿ ನೋಡುತ್ತಾರೆ. ಉಗುರು ಇಳಿದರೆ ಮರ ಕೆಲಸಕ್ಕೆ ಬಂತು. ಇಳಿಯದಿದ್ದರೆ ಕುಲುಮೆಗೆ ಹೋಯಿತು.

"ಗಟ್ಟಿ ಮರ ಜಾರ್ತದೆ, ಮೆದು ಮರ ಕಚ್ಕೊಳ್ತದೆ. ಆದ್ರೂ ಬರೋರೆಲ್ಲ ಗಟ್ಟಿ ಮರನೇ ಹಾಕು ಅಂತಾರೆ, ಮಂಚ ಮಾಡಿಸೋಕೆ ಬಂದೋರ ಹಂಗೆ," ಎನ್ನುತ್ತಾರೆ ತಲೆಯೆತ್ತದೆ.

ಅವರು ಮಾಡುವುದು ಗಾಡಿಯ ಬಿರಿ. ಇಳಿಜಾರಿನಲ್ಲಿ ಗಾಡಿಯವನು ಹಗ್ಗ ಎಳೆದಾಗಲೋ ಹಿಡಿ ತಿರುಗಿಸಿದಾಗಲೋ ಗಾಲಿಯ ಕಬ್ಬಿಣದ ಪಟ್ಟಿಗೆ ಒತ್ತಿಕೊಂಡು ಓಟ ತಡೆಯುವ ಮರದ ತುಂಡುಗಳು. ಕಾಫಿ ಹೊತ್ತು ಘಟ್ಟ ಇಳಿದು ಮಂಗಳೂರಿಗೆ ಹೋಗುವ ಗಾಡಿಗೆ ಒಂದು ಜೊತೆ ಬಿರಿಮರ ನಾಲ್ಕು ಪ್ರಯಾಣ ಬರುತ್ತದೆ. ಹೊರೆ ಜಾಸ್ತಿಯಾದರೆ ಮೂರೇ.

ಕುಳ್ಳಯ್ಯನವರಿಗೆ ಈಗ ಐವತ್ತಾರು ವರ್ಷ. ಆಲೂರಿನ ಬಡಗಿಯೊಬ್ಬರ ಹಿರಿಯ ಮಗ. ಘಟ್ಟದ ಗಾಡಿಗಳನ್ನು ನಂಬಿ ಇಲ್ಲಿಗೆ ಬಂದು ಮೂವತ್ತೊಂದು ವರ್ಷವಾಯಿತು. ಎಡಗೈಯ ಎರಡು ಬೆರಳು ಅರ್ಧಕ್ಕೆ ನಿಂತಿವೆ. ಹೆಂಡತಿ ನಂಜಮ್ಮ ಮಲೆಜ್ವರದಲ್ಲಿ ಹೋದರು, ಮಕ್ಕಳಿಲ್ಲ. ಸುಗ್ಗಿಯ ದಿನಗಳಲ್ಲಿ ಹಿಂದೆಲ್ಲ ದಿನಕ್ಕೆ ಹನ್ನೆರಡು ಜೊತೆ ಕೆತ್ತುತ್ತಿದ್ದರು. ಈಗ ನಾಲ್ಕು ಜೊತೆಯಾದರೆ ಹೆಚ್ಚು.

ಇದಕ್ಕೆ ಕಾರಣವನ್ನು ಆ ರಸ್ತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 1895ರ ಫೆಬ್ರವರಿಯ ಒಂದು ಸೋಮವಾರ ಕಾಫಿ ವ್ಯಾಪಾರಿ ಪಿಯೂಸ್ ಅವರ ಮನೆಯ ಸಾರೋಟು ಘಟ್ಟದ ತಿರುವಿನಲ್ಲಿ ನಿಲ್ಲದೆ ಕಮರಿಗೆ ಉರುಳಿತು. ಮಂಗಳೂರಿನಿಂದ ಬರುವ ನೆಂಟರನ್ನು ಕರೆತರಲು ಹೊರಟಿದ್ದ ಅದರಲ್ಲಿ ಸಾರಥಿಯ ಹೊರತು ಯಾರೂ ಇರಲಿಲ್ಲ. ಸಾರಥಿ ಸತ್ತ. ಒಂದು ಕುದುರೆಯೂ ಸತ್ತಿತು. ಆ ಸಾರಥಿ ನಂಜುಂಡಯ್ಯ, ಕುಳ್ಳಯ್ಯನವರ ಒಡಹುಟ್ಟಿದ ತಮ್ಮ. ಬಿರಿ ಕುಳ್ಳಯ್ಯನವರದೇ. ಹಾಕಿ ಎಂಟೇ ದಿನವಾಗಿತ್ತು.

"ತಮ್ಮನನ್ನೇ ಕೊಂದುಬುಟ್ಟ ಬಿರಿ ಅಂದ್ರು. ನನಗೂ ಹಂಗೇ ಅನ್ನಿಸ್ತು. ಎದುರು ಮಾತಾಡೋಕೆ ಏನಿತ್ತು?" ಎನ್ನುತ್ತಾರೆ ಕುಳ್ಳಯ್ಯ.

ಗಾಡಿಯವರು ದೋಣಿಗಾಲ್ ಊರಿನ ಕಡೆ ಬಿರಿ ಮಾಡುವ ಬೇರೆಯವರನ್ನು ಹುಡುಕಿಕೊಂಡರು. ನಂಜುಂಡಯ್ಯನ ಹೆಂಡತಿ ಗಂಗಾಮಣಿ ಕುಳ್ಳಯ್ಯನವರ ಮನೆಯಲ್ಲೇ ಉಳಿದರು. ಬೆಳಿಗ್ಗೆ ಕುಲುಮೆಯ ತಿದಿ ಒತ್ತುವವರು ಅವರೇ, ಮಧ್ಯಾಹ್ನ ಊಟ ತಂದಿಡುವವರೂ ಅವರೇ. ಆದರೆ ಆ ಸೋಮವಾರದಿಂದ ಭಾವನೊಡನೆ ಅವರು ಒಂದು ಮಾತೂ ಆಡಿರಲಿಲ್ಲ. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು, ಬಳೆ ಸದ್ದು ಮಾಡಿ ಹೋಗುತ್ತಿದ್ದರು. ಗಂಡನನ್ನು ಕೊಂದವನ ಜೊತೆ ಇನ್ನೇನು ಮಾತು ಎಂದು ಕುಳ್ಳಯ್ಯ ಅರ್ಥ ಮಾಡಿಕೊಂಡರು. ಎರಡು ವರ್ಷ ಹಾಗೇ ಉಂಡರು.

ಪಿಯೂಸ್ ಮಾತ್ರ ಮುರಿದ ಸಾರೋಟನ್ನು ಮತ್ತೆ ಕಟ್ಟಿಸಿ, ಬಿರಿಯ ರಿಪೇರಿಗೆ ಇಲ್ಲಿಗೇ ಕಳಿಸಿದರು. "ಕೆಡಿಸಿದೋನು ನೀನು, ಸರಿ ಮಾಡೋನೂ ನೀನೇ" ಎಂದರಂತೆ. ಅದು ಸರಿಹೋಗಲೇ ಇಲ್ಲ. ಹೊಸ ಮರ ಹಾಕಿದ ಮೊದಲ ಐದಾರು ದಿನ ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಜಾರುತ್ತದೆ. ಕಳೆದ ದಸರೆಯಿಂದ ಈಚೆಗೆ ಇದು ಏಳನೇ ಸಲ. ಕುಳ್ಳಯ್ಯ ಹಿಡಿಯ ತಿರುಪು ಬದಲಿಸಿದರು, ಅಡ್ಡತೊಲೆ ಬದಲಿಸಿದರು, ಅತ್ತಿ ಬಿಟ್ಟು ಬೂರುಗ ಹಾಕಿ ನೋಡಿದರು. ಕೊನೆಗೆ ಅತ್ತಿಗೇ ಮರಳಿದರು. ಎಲ್ಲ ಗಾಡಿಗೂ ಅದೇ ಮರ, ಅದೇ ಬಾಚಿ. ಉಳಿದ ಗಾಡಿಗಳೆಲ್ಲ ನಿಲ್ಲುತ್ತವೆ, ಇದೊಂದು ನಿಲ್ಲುವುದಿಲ್ಲ.

ಹೋದ ಗುರುವಾರ ಈಗಿನ ಸಾರಥಿ ದೇವೀರಪ್ಪ ಸಾರೋಟನ್ನು ಮತ್ತೆ ಅಂಗಳಕ್ಕೆ ತಂದ.

"ನಿನ್ನ ಮಾವನ ಮನೆಗೂ ಇಷ್ಟು ಸಲ ಹೋಗಿಲ್ಲ ಕಣೋ ನೀನು," ಎಂದರು ಕುಳ್ಳಯ್ಯ.

"ಅಲ್ಲಿ ಹೋದ್ರೆ ಕಾಫಿನಾದ್ರೂ ಕೊಡ್ತಾರೆ. ನೀನು ಬರೀ ಗೊಣಗ್ತೀಯ," ಎಂದ ದೇವೀರಪ್ಪ.

ಹಳೆಯ ಮರ ಬಿಚ್ಚಿ, ಸವೆದ ಮುಖವನ್ನು ಕೆತ್ತಿ, ಚಕ್ಕೆಗಳನ್ನು ಕುಳ್ಳಯ್ಯ ಕುಲುಮೆಗೆ ಎಸೆದರು. ಚಕ್ಕೆ ಭುಗ್ಗೆಂದು ಹತ್ತಿತು. ಒಣ ಅತ್ತಿ ಹಾಗೆ ಉರಿಯುವುದಿಲ್ಲ. ಇನ್ನೊಂದನ್ನು ಎಸೆದರು. ಅದೂ ಅಷ್ಟೇ. ಮೂರನೆಯದನ್ನು ಮೂಗಿಗೆ ಹಿಡಿದರು.

"ಹರಳೆಣ್ಣೆ ಕಣೋ ಇದು. ಬಿರಿಗೆ ಯಾರೋ ಎಣ್ಣೆ ಹಚ್ಚಿದ್ದು?"

"ನಾನೇ," ಎಂದ ದೇವೀರಪ್ಪ, ಏನೂ ಆಗಿಲ್ಲವೆಂಬಂತೆ. "ಭಾನುವಾರ ಭಾನುವಾರ ಹಚ್ತೀನಿ. ಇಗರ್ಜಿ ಇಳಿಜಾರಲ್ಲಿ ಒಳ್ಳೆ ಹಂದಿ ಕುಯ್ದಂಗೆ ಕಿರುಗುಟ್ತದೆ, ಜನ ಪ್ರಾರ್ಥನೆ ಬುಟ್ಟು ತಿರುಗಿ ನೋಡ್ತಾರೆ ಅಂತ ರೆಜಿನಮ್ಮೋರಿಗೆ ನಾಚಿಕೆ. ಸದ್ದು ಬರಬಾರದು ಅಂದ್ರು. ಗಾಡಿ ಕಿರುಗುಟ್ಟಿದ್ರೆ ಎಣ್ಣೆ ಬೇಕು ಅಂತ ತಾನೇ?"

ರೆಜಿನಾ ಎಂದರೆ ಪಿಯೂಸ್ ಅವರ ಹೆಂಡತಿ. ಆ ಅಮ್ಮನವರು ಸದ್ದು ಬೇಡ ಎಂದಿದ್ದರೇ ಹೊರತು ಎಣ್ಣೆ ಹಚ್ಚು ಎಂದಿರಲಿಲ್ಲ. ಎಣ್ಣೆ ಗಾಡಿಯವರ ಬುದ್ಧಿ. ಅಚ್ಚು ಕೀರಲು ಹತ್ತಿದರೆ ಕೀಲೆಣ್ಣೆ ಬಿಡು ಎಂದು ನೊಗ ಹಿಡಿದ ದಿನದಿಂದ ಕಲಿತವರು ಅವರು. ಗಾಡಿಯಲ್ಲಿ ಸದ್ದು ಮಾಡಲೇಬೇಕಾದ ಜಾಗವೊಂದಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಯಾವಾಗಿಂದ ಹಚ್ತಿದೀಯ?"

"ನಾನು ಸೇರಿದಾಗ್ಲೇ ಎಣ್ಣೆ ಸೀಸೆ ಲಾಯದ ಗೋಡೆ ಗೂಡಲ್ಲಿತ್ತು. ಮುಂಚಿಂದಾನೂ ಹಿಂಗೇ ಅಂತೆ..." ದೇವೀರಪ್ಪನಿಗೆ ತಾನು ಏನು ಹೇಳುತ್ತಿದ್ದೇನೆಂದು ಅಷ್ಟರಲ್ಲಿ ಹೊಳೆಯಿತು.

ಅವನಿಗಿಂತ ಮುಂಚೆ ಆ ಗಾಡಿ ಹೊಡೆಯುತ್ತಿದ್ದವನು ನಂಜುಂಡಯ್ಯ. ಎಂಟು ದಿನದ ಹೊಸ ಬಿರಿ, ನಡುವೆ ಒಂದು ಭಾನುವಾರ, ಮಾರನೆಯ ಸೋಮವಾರ ಘಟ್ಟ. ಕುಳ್ಳಯ್ಯ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದಂತೆ ತಿದಿಯ ಸದ್ದು ನಿಂತಿತು.

"ಎಣ್ಣೆ ಕೊಟ್ಟೋಳು ನಾನು, ಭಾವ."

ಎರಡು ವರ್ಷದ ಮೇಲೆ ಕೇಳಿದ ಮೊದಲ ಮಾತು. ಗಂಗಾಮಣಿ ತಿದಿಯ ಹಿಂದೆ ನಿಂತೇ ಇದ್ದರು. "ಕೀಲೆಣ್ಣೆ ಕಪ್ಪು, ಸಾರೋಟಿಗೆ ಮೆತ್ಕೊಳ್ತದೆ, ಮನೇಲಿರೋ ಹರಳೆಣ್ಣೆ ಕೊಡು ಅಂದ್ರು ನಮ್ಮನೆಯೋರು. ಪ್ರತಿ ಶನಿವಾರ ಸೀಸೆ ತುಂಬಿಸ್ತಿದ್ದೆ. ಬಿರಿ ಜಾರ್ತು ಅಂತ ಜನ ಅಂದಾಗ್ಲೇ ನನಗೆ ಅನುಮಾನ ಬಂತು. ಬಾಯಿ ಬರಲಿಲ್ಲ. ಜನ ನಿಮ್ಮನ್ನ ಬೈತಿದ್ರೂ ಹಂಗೇ ಬುಟ್ಟುಬುಟ್ಟೆ. ಆಮೇಲೆ ನಿಮ್ಮ ಮುಖ ನೋಡಿ ಏನಂತ ಮಾತಾಡ್ಲಿ?"

ಕುಳ್ಳಯ್ಯ ಕೈಲಿದ್ದ ಚಕ್ಕೆಯನ್ನು ಪಕ್ಕಕ್ಕಿಟ್ಟರು ಎಂದು ದೇವೀರಪ್ಪ ನೆನೆಯುತ್ತಾನೆ. ಆಮೇಲೆ ಕೇಳಿದ್ದು ಒಂದೇ: "ಸದ್ದಾಗ್ತದೆ ಅಂತ ಅವನು ನನ್ನನ್ನೇ ಯಾಕೆ ಕೇಳಲಿಲ್ಲವ್ವಾ?"

"ಅಣ್ಣ ಕೆತ್ತಿದ್ದಕ್ಕೆ ಕೊಂಕು ತೆಗೆದಂಗೆ ಆಗ್ತದೆ ಅಂದ್ರು."

ಈ ಸಂಗತಿ ಪತ್ರಿಕೆಯಲ್ಲಿ ಬರಲಿ ಎಂದವರು ಗಂಗಾಮಣಿಯೇ. ಭಾವನ ಮೇಲಿನ ಮಾತು ತೊಳೆದುಹೋಗಲಿ ಎಂಬುದು ಅವರ ಆಸೆ. ಕುಳ್ಳಯ್ಯನವರಿಗೆ ಅದರಲ್ಲಿ ಅಂಥ ಉತ್ಸಾಹವಿಲ್ಲ. ತಪ್ಪು ತಮ್ಮದಲ್ಲ ಎಂದು ತಿಳಿದ ಮೇಲೂ ಅವರಿಗೆ ಹಗುರವಾದಂತೆ ಕಾಣುವುದಿಲ್ಲ. ಪಿಯೂಸ್ ಅವರ ಮನೆಗೆ ಸುದ್ದಿ ಮುಟ್ಟಿದೆ. ರೆಜಿನಾ ಅವರು ಎರಡು ಸಲ ಹೇಳಿಕಳಿಸಿದರೂ ಕುಳ್ಳಯ್ಯ ಹೋಗಿಲ್ಲ. "ಆಯಮ್ಮ ಅಳ್ತಾರೆ. ಸಮಾಧಾನ ಹೇಳೋಕೆ ನನಗೆ ಬರಲ್ಲ," ಎನ್ನುತ್ತಾರೆ.

"ಬಿರಿ ಕಚ್ಚಿದ್ರೆ ಕೂಗ್ತದೆ. ಕೂಗದಿದ್ರೆ ಕಚ್ಚಿಲ್ಲ ಅಂತಾನೇ ಅರ್ಥ. ಮೂವತ್ತೊಂದು ವರ್ಷದಲ್ಲಿ ಇದನ್ನ ಯಾರಿಗೂ ಹೇಳಲಿಲ್ಲ ನಾನು. ಒಂದೇ ತಟ್ಟೇಲಿ ಉಂಡ ತಮ್ಮನಿಗೂ ಹೇಳಲಿಲ್ಲ. ಗೊತ್ತಿರ್ತದೆ ಅಂದ್ಕೊಂಡೆ. ಕೆತ್ತಿಕೊಟ್ರೆ ನನ್ನ ಕೆಲಸ ಮುಗೀತು ಅಂದ್ಕೊಂಡೆ. ಹೇಳೋದೂ ಕೆಲಸಾನೇ."

ಬೇಕಾದದ್ದೇನು ಎಂದು ಕೇಳಿದರೆ, ಗಾಡಿ ತರುವವರು ಬಿರಿ ಹಾಕಿಸಿಕೊಂಡು ತಕ್ಷಣ ಓಡದೆ ಅರ್ಧ ಗಳಿಗೆ ಕೂತು ತಮ್ಮ ಮಾತು ಕೇಳಿ ಹೋಗಲಿ ಎನ್ನುತ್ತಾರೆ. ಅಷ್ಟೇ.

ಬಿಸಿಲು ಏರುತ್ತಿದೆ. ಬಿಸಿಲೆ ಎಂಬ ಊರಿನ ಕಡೆಯಿಂದ ಬಂದ ಎತ್ತಿನ ಗಾಡಿಯೊಂದು ಅಂಗಳದಲ್ಲಿ ನಿಂತಿದೆ. ಕುಳ್ಳಯ್ಯ ಹೊಸ ಮರ ಕೂರಿಸಿ, ಗಾಡಿಯವನ ಕೈಗೆ ಹಗ್ಗ ಕೊಟ್ಟು, ಆ ಕೈಯನ್ನು ಬಿಡದೆ ಹಿಡಿದುಕೊಂಡಿದ್ದಾರೆ.

"ಇಳಿಜಾರಲ್ಲಿ ಕೂಗ್ತದೆ ಕಣೋ. ಊರೆಲ್ಲ ತಿರುಗಿ ನೋಡ್ಲಿ, ನಗ್ಲಿ, ಬೈಯ್ಲಿ. ನೀನು ಅದನ್ನ ಕೂಗೋಕೆ ಬುಡು."