ನಿಂಗಮ್ಮ ತೀರಿಸಿದ ಮುಯ್ಯಿ

ಕುದಿಯುವ ಕೊಪ್ಪರಿಗೆಗೆ ಬೀಳುತ್ತಿದ್ದ ನಿನ್ನನ್ನು ಎಳೆದು ಉಳಿಸಿದವನು ನಾನೆಂದು ನಮ್ಮೂರು ಕೆರಗೋಡು ಇಂದಿಗೂ ಹೊಗಳುತ್ತದೆ. ಆದರೆ ಕಾಳೇಗೌಡ, ನಿನ್ನನ್ನು ಆ ಕೊಪ್ಪರಿಗೆಯ ಮುಂದೆ ನಿಲ್ಲಿಸಿದವನೂ ನಾನೇ. ಡಾಕ್ಟರು ಹೇಳಿದ್ದನ್ನು ನಿನಗೆ ಹೇಳದೆ ಮುಚ್ಚಿಟ್ಟೆ — ಮರೆತದ್ದಲ್ಲ, ಬೇಕೆಂದೇ.

ಆಲೆಮನೆಯಲ್ಲಿ ಬೆಲ್ಲ ಕಾಯಿಸುವವನ ಮುಖ ಕೆಂಪಗಿದ್ದರೆ ಯಾರಿಗೆ ಅನುಮಾನ? ಬಿಸಿನೀರು ಬಿದ್ದರೆ ನಿನಗೆ ಮೈಯೆಲ್ಲ ತುರಿಕೆ, ಬೆರಳುಗಳಲ್ಲಿ ಜೋಮು — ಎಲ್ಲವೂ ಉಷ್ಣವೆಂದುಕೊಂಡೆವು. ಮಂಡ್ಯದ ಆಸ್ಪತ್ರೆಗೆ ನನ್ನನ್ನು ನೀನೇ ಜೊತೆಗೆ ಕರೆದೆ, ಬಿ.ಎ. ಓದಿದ ಗೆಳೆಯನೆಂದು. ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಹೇಳಿದರು: ಅಪರೂಪದ ಕಾಯಿಲೆ, ರಕ್ತ ತೀರ ಮಂದವಾಗಿದೆ; ಬೇಗ ಒಂದಷ್ಟು ತೆಗೆಯದಿದ್ದರೆ ಮಿದುಳಿನಲ್ಲಿ ಹೆಪ್ಪುಗಟ್ಟೀತು.

"ಏನಂದ್ರ್ಲಾ, ಬೀಯೆ?" ಎಂದೆ ನೀನು, ಹೊರಗೆ ಬಂದು.

ಯುದ್ಧದ ಕಾಲ, ಬೆಲ್ಲಕ್ಕೆ ಬೇಡಿಕೆ. ನಮ್ಮ ಕಬ್ಬು ಕಡಿದು ಬಿದ್ದಿತ್ತು. ನಿನ್ನ ಕಬ್ಬು ಅರೆಯುವಾಗ ನಮ್ಮ ಮನೆಯವರು ದುಡಿದಿದ್ದರು. ಈಗ ನೀನು ನಮ್ಮಲ್ಲಿ ದುಡಿದು ಆ ಮುಯ್ಯಿ ತೀರಿಸುವ ಸರದಿ. ನೀನು ಮಲಗಿಬಿಟ್ಟರೆ—

"ಉಷ್ಣವಂತೆ ಕಣ್ಲಾ. ಮಜ್ಜಿಗೆ ಕುಡಿ."

"ಅಷ್ಟೇಯಾ? ನಿಂಗಿ ಆಗ್ಲೇ ತಾಳಿ ಇಡ್ಕಂಡು ಅಳ್ತಾವ್ಳೆ!" ನೀನು ನಕ್ಕುಬಿಟ್ಟೆ.

ನಮ್ಮ ಕೊಪ್ಪರಿಗೆಯ ಮುಂದೆಯೇ ನಿನ್ನ ಬಲಗೈಯಿಂದ ಪಾಕ ಮಗುಚುವ ಹುಟ್ಟು ಜಾರಿತು. ಬಾಯಿ ಸೊಟ್ಟಗಾಯಿತು. ನೀನು ಕುದಿಯುವ ಪಾಕದತ್ತಲೇ ವಾಲಿದೆ — ನಾನು ನಿನ್ನ ಪಂಚೆ ಹಿಡಿದು ಎಳೆದೆ. ಈಗಲೂ ಕಣ್ಣು ಮುಚ್ಚಿದರೆ ಆ ಪಂಚೆ ನನ್ನ ಕೈಯಿಂದ ಜಾರುತ್ತದೆ.

ಆಸ್ಪತ್ರೆಯಲ್ಲಿ ನಿನ್ನ ಎಡಗೈ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿತ್ತು. ನಿನ್ನ ಹೆಂಡತಿ ನಿಂಗಮ್ಮ ಕಾಲ ಬಳಿ ಕೂತಿದ್ದಳು. ಡಾಕ್ಟರು ಈ ಸಲ ನನ್ನನ್ನು ಕನ್ನಡದಲ್ಲೇ ಕೇಳಿದರು: "ರಕ್ತ ತೆಗೆಸಬೇಕು ಎಂದಿದ್ದೆನಲ್ಲ, ಇವರಿಗೆ ಹೇಳಲಿಲ್ಲವೇ?"

ನಿನಗೆ ಮಾತು ಹೋಗಿತ್ತು; ಕಿವಿ ಇತ್ತು. ನನ್ನನ್ನೇ ನೋಡಿದೆ — ಆಮೇಲೆ ನೀನೇ ನಿನ್ನ ಕೈ ಬಿಡಿಸಿಕೊಂಡೆ. ನೀನು ಬದುಕಿದ್ದಷ್ಟು ಕಾಲ ಅದನ್ನು ಮತ್ತೆ ನನ್ನತ್ತ ಚಾಚಲಿಲ್ಲ. ಆದರೂ ನಿಂಗಮ್ಮ ಊರಿನಲ್ಲಿ ಈ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮರುದಿನ ಅವಳು ನಮ್ಮ ಆಲೆಮನೆಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಗೆ ಕಬ್ಬಿನ ಸಿಪ್ಪೆ ತುಂಬತೊಡಗಿದಳು.

"ಅವ್ರ ಮುಯ್ಯಿ ನಾ ತೀರುಸ್ತೀನಿ. ನಿಮ್ಮನೆ ರುಣ ನಮ್ಗೆ ಬ್ಯಾಡ ಕಣಪ್ಪ."

ಬೇಡಮ್ಮ, ಗಂಡನ ಹತ್ತಿರ ಹೋಗು — ಅಷ್ಟಾದರೂ ಹೇಳಬಹುದಿತ್ತು. ಕೊಪ್ಪರಿಗೆ ಒಲೆಯ ಮೇಲಿತ್ತು. ಕಬ್ಬು ಮುಗಿಯುವವರೆಗೂ ಅವಳಿಂದ ದುಡಿಸಿಕೊಂಡೆ.