ಮುಂದಿನ ಸೀಟಿನಲ್ಲಿ ಮೂರು ಮೂಟೆ ಅಕ್ಕಿ

ಹೊಸ ರಬ್ಬರಿನ ವಾಸನೆ ಬಂದರೆ ಸಾಕು, ನನಗೆ ಈಗಲೂ ನಾಚಿಕೆಯಾಗುತ್ತದೆ. ಇವತ್ತು ಪಕ್ಕದ ಮನೆಯವರು ಹೊಸ ಚಪ್ಪಲಿಯ ಡಬ್ಬಿ ಬಿಚ್ಚಿದರು, ಅಷ್ಟೇ; ನಾನು ಮೂರು ವರ್ಷ ಹಿಂದಕ್ಕೆ, ನಮ್ಮ ಹಳೆಯ ಪದ್ಮಿನಿ ಕಾರಿನ ಅಡಿಗೇ ಹೋಗಿಬಿಟ್ಟೆ.

ಚೆನ್ನೈಯಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಪಾಠ ಹೇಳಿದವನು ನಾನು. ಕಾರಿನ ಮುಂಭಾಗ ಬಿಚ್ಚಿ, ಚಕ್ರ ಹಿಡಿದಿರುವ ತೋಳುಗಳಿಗೆ ಬುಷ್ ಎಂಬ ಹೊಸ ರಬ್ಬರ್ ಬಳೆ ಕೂರಿಸುವುದು ಯಾವ ಮಹಾವಿದ್ಯೆ, ನೀವೇ ಹೇಳಿ! ಜಾಕ್ ಹಾಕಿ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟುಗಳನ್ನೆಲ್ಲ ಹಲ್ಲುಕಚ್ಚಿ ಬಿಗಿದೆ. ಇಳಿಸಿದರೆ ಕಾರು ಮೂಗು ಮೇಲೆತ್ತಿ ನಿಂತಿತು, ಥೇಟ್ ನಮ್ಮ ಪ್ರಿನ್ಸಿಪಾಲರ ಹಾಗೆ. ಎರಡೇ ತಿಂಗಳಿಗೆ ರಬ್ಬರ್ ಹರಿದು, ಅಡ್ಯಾರ್ ಸಿಗ್ನಲ್ಲಿನಲ್ಲಿ ಕಿರ್ರೋ ಎಂದು ಅರಚಿದಾಗ ಬಸ್ಸಿನವರೆಲ್ಲ ಬಗ್ಗಿ ನೋಡಿದರು. ನನ್ನ ಹೆಂಡತಿ ಸರಸು ಅಲ್ಲೇ ಇಳಿದು ಆಟೋ ಹತ್ತಿದಳು.

"ಇನ್ನು ಇದರಲ್ಲಿ ಕೂತ್ರೆ ನನ್ನ ಹೆಸರು ಸರಸು ಅಲ್ಲ. ಸೋಮವಾರ ಗುಜರಿಯವನು ಬರ್ತಾನೆ, ಕೊಟ್ಟು ಕೈ ತೊಳ್ಕೊಳ್ಳಿ!"

ಅಪ್ಪ ಓಡಿಸಿದ ಕಾರು ಸ್ವಾಮಿ, ಗುಜರಿಗೆ ಹೇಗೆ ಕೊಡಲಿ? ಭಾನುವಾರ ಮೆಕ್ಯಾನಿಕ್ ಸೆಲ್ವಂ ಅವರನ್ನು ಗೋಗರೆದು ಕರೆತಂದೆ. ಅವರು ಕೆಳಗೆ ಇಣುಕಿ, "ಅಂದರತ್ತುಲ ಟೈಟ್ ಪಣ್ಣಿಟ್ಟೀಂಗಳಾ ಸಾರ್?" ಎಂದು ಹಣೆ ಚಚ್ಚಿಕೊಂಡರು. ಹಾಗೆ ಚಕ್ರ ಗಾಳಿಯಲ್ಲಿ ಜೋತಾಡುವಾಗಲೇ ಬಿಗಿದರೆ, ಕಾರು ಇಳಿದ ಮೇಲೆ ರಬ್ಬರ್ ತಿರುಚಿಕೊಂಡೇ ಇರುತ್ತದಂತೆ. ಬೋಲ್ಟು ಸಡಿಲವಾಗಿ ಬಿಟ್ಟು, ಕಾರನ್ನು ನೆಲಕ್ಕಿಳಿಸಿ, ದಿನಾ ಕೂರುವವರ ಭಾರ ಹೇರಿ, ಆಮೇಲೆ ಬಿಗಿಯಬೇಕಂತೆ.

ದಿನಾ ಕೂರುವವಳು ಮಹಡಿಯಲ್ಲಿ ಮುಖ ಊದಿಸಿಕೊಂಡಿದ್ದಾಳಲ್ಲ! ಸೆಲ್ವಂ ಹೊಸ ಬುಷ್ ಹಾಕಿ ಕಾರು ಇಳಿಸಿದ ಮೇಲೆ, ಇಪ್ಪತ್ತೈದು ಕೇಜಿಯ ಮೂರು ಮೂಟೆ ಅಕ್ಕಿ ತರಿಸಿ ಅವಳ ಸೀಟಿನಲ್ಲಿಟ್ಟು, ನಾನು ಸ್ಟೀರಿಂಗ್ ಹಿಡಿದು ಕೂತೆ. ಸೆಲ್ವಂ ಹೇಗೋ ಅಡಿಗೆ ತೂರಿದರು. ಅಷ್ಟರಲ್ಲಿ ಸರಸು ಇಳಿದುಬಂದಳು.

"ಇದೇನ್ರೀ ಅಕ್ಕಿ?"

"ನಿನ್ನ ಬದಲಿಗೆ."

ಅವಳು ಎಣಿಸಿದಳು. "ಮೂರು ಮೂಟೆ! ನಾನು ಮೂರು ಮೂಟೆನಾ? ಎತ್ರೀ ಅದನ್ನ!"

ಮೂಟೆಗಳು ಇಳಿದವು. ಧಡಾರೆಂದು ಬಾಗಿಲು ಹಾಕಿಕೊಂಡು ತಾನೇ ಕೂತಳು. "ಈಗ ನೋಡಿ, ಎಷ್ಟು ಇಳಿಯುತ್ತೆ ಅಂತ!"

ದೇವರಾಣೆ, ಕಾರು ಮೂರು ಮೂಟೆಗೆ ಇಳಿದಷ್ಟೇ ಇಳಿಯಿತು. ಸೆಲ್ವಂ ಅಡಿಯಿಂದಲೇ ಬೋಲ್ಟುಗಳನ್ನು ಬಿಗಿದರು.

"ಆಯ್ತು, ಇಳಿ" ಎಂದೆ.

"ಕೂತಾಯ್ತಲ್ಲ, ಒಂದು ರೌಂಡ್ ಹೊಡೀರಿ."

ಅಡ್ಯಾರಿನ ಅಷ್ಟೂ ರೋಡ್ ಹಂಪುಗಳ ಮೇಲೆ ಕಾರು ತುಟಿಪಿಟಕ್ಕೆನ್ನಲಿಲ್ಲ. ಖುಷಿಗೆ ನನ್ನ ಕಣ್ಣು ತುಂಬಿತು. ಸೋಮವಾರ ಗುಜರಿಯವನನ್ನು ಬರಿಗೈಯಲ್ಲಿ ಕಳಿಸಿದವಳೂ ಅವಳೇ.

ಆದರೂ ಅವನು ಆಸೆ ಬಿಟ್ಟಿಲ್ಲ. ಇದೀಗ ಮತ್ತೆ ಗೇಟಿನಲ್ಲಿ ನಿಂತು ಕಾರು ಕೇಳಿದ. ಸರಸು ನನ್ನತ್ತ ಕೈ ತೋರಿಸಿ, ತನ್ನ ಹರಕು ತಮಿಳಿನಲ್ಲಿ, ಹಳೇ ಸಾಮಾನು ಬೇಕೇ ಬೇಕು ಅಂದರೆ ಇವರನ್ನು ಕರಕೊಂಡು ಹೋಗು, ಕಾರು ಮಾತ್ರ ಕೊಡಲ್ಲ ಎಂದಳು.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ವೇಂಡಾಂ ಅಮ್ಮಾ" ಎಂದು ಬೇಡವೆಂಬಂತೆ ಕೈಯಾಡಿಸಿ ಹೊರಟುಹೋದ.