ಮಸೀದಿ ಗೋಡೆಗೆ ರಸ ಕುದಿಸುವ ಹವಾಬು

ಬೆಳಕು ಹರಿಯುವ ಮುಂಚೆಯೇ ಹವಾಬು ಒಲೆ ಹೊತ್ತಿಸಿದ್ದಾಳೆ. ಒಲೆಯ ಮೇಲಿರುವುದು ಸಜ್ಜೆ ಗಂಜಿಯಲ್ಲ, ದವದವ ಎಂಬ ಮರದ ಕಾಯಿಯ ಸಿಪ್ಪೆ. ಅದು ಕುದ್ದು ಕೆಂಪಗೆ, ಅಂಟಂಟಾಗಿ ಇಳಿಯಬೇಕು. ಉತ್ತರ ಘಾನಾದ ಸಂಬೋರಿಯ ಹಳೆಯ ಮಣ್ಣಿನ ಮಸೀದಿ ಪ್ರತಿ ಮಳೆಗಾಲ ದಾಟುವುದು ಗೋಡೆಗೆ ಬಳಿಯುವ ಈ ರಸದಿಂದ. ಅತ್ತೆಯಿಂದ ಕಲಿತ ಕೆಲಸ. ಹೊಗೆಗೆ ಈಕೆಯ ಒಂದು ಕಣ್ಣು ಮಂಜಾಗಿದೆ.

ಮಸೀದಿ ನೋಡಲು ಬರುವವರಿಗಾಗಿ ಈ ವರ್ಷ ಎದುರಿಗೇ ಮಣ್ಣಿನದೇ ಒಂದು ಪ್ರವಾಸಿ ಕೇಂದ್ರ ಎದ್ದಿದೆ. ಅಲ್ಲಿ ಫ್ಯಾನಿನ ಕೆಳಗೆ ಕುಳಿತು, ಬಂದವರಿಗೆ ವಿವರಣೆ ಕೊಡುವ ನೌಕರಿ ಸಿಕ್ಕಿರುವುದು ಹವಾಬುವಿನ ಸವತಿ ಲಮಿಸಿಗೆ. ಬಾಗಿಲಲ್ಲಿ ಆಳೆತ್ತರದ ಚಿತ್ರವೊಂದಿದೆ. ರಸದ ಮಡಕೆ ಹಿಡಿದು ನಗುತ್ತಿರುವವಳೂ ಲಮಿಸಿಯೇ.

"ಮಡಕೆ ನಂದು, ಹಲ್ಲು ಅವಳ್ದು" ಎನ್ನುತ್ತಾಳೆ ಹವಾಬು. "ಒಂದಿನ ಒಲೆ ಊದಿದೋಳಲ್ಲ. ಹೊಗೆ ಕಂಡ್ರೆ ಕೆಮ್ಮು ಬರುತ್ತಂತೆ ಮಹಾರಾಣಿಗೆ! ಹೊಟ್ಟೆ ಉರಿಯಲ್ವಾ ಅಂತೀರಾ? ಉರಿಯತ್ತೆ. ಸುಳ್ಳು ಯಾಕೆ ಹೇಳ್ಲಿ?"

ಆ ಉರಿ ಈ ವಾರ ಮಡಕೆಗೂ ಇಳಿಯಿತು. ಕೇಂದ್ರದವರು ತಮ್ಮ ಗೋಡೆಗೂ ರಸ ಬೇಕೆಂದು ಕೇಳಿದರು. ಮಸೀದಿಯ ಮಡಕೆಯಲ್ಲಿ ಗಟ್ಟಿ ರಸ ಕುದಿಸಿದ ಹವಾಬು, ಕೇಂದ್ರದ ಮಡಕೆಗೆ ಬೇಕೆಂದೇ ಅರ್ಧ ನೀರು ಬೆರೆಸಿದಳು. ಮೊದಲ ಮಳೆಗೇ ಲಮಿಸಿಯ ಗೋಡೆ ಕರಗಿ ಕೆಸರಾಗಲಿ ಎಂಬ ಆಸೆ.

ಆದರೆ ಬಳಿಯುವ ಮುನ್ನ ಎಲ್ಲ ಮಡಕೆಗಳ ರಸ ಮಸೀದಿ ಅಂಗಳದ ಒಂದೇ ತೊಟ್ಟಿಗೆ ಸೇರಿ, ಅದರ ಮೇಲೆ ದುವಾ ಪ್ರಾರ್ಥನೆ ಆಗಬೇಕೆಂಬುದು ಸಂಬೋರಿಯ ಪದ್ಧತಿ. ಕೇಂದ್ರದ ಮಡಕೆ ಈ ಲೆಕ್ಕಕ್ಕೆ ಬರುವುದಿಲ್ಲ ಎಂದು ಹವಾಬು ನಂಬಿದ್ದಳು. ಮುದುಕ ಮೇಸ್ತ್ರಿ ಇದ್ರಿಸಾ ಎರಡನ್ನೂ ಹೊರಿಸಿಕೊಂಡು ಬಂದ. ಗಟ್ಟಿ ರಸ ತೊಟ್ಟಿಗೆ ಬಿತ್ತು. ಇನ್ನೊಂದು ಮಡಕೆ ಬಗ್ಗಿಸಲು ಲಮಿಸಿಯೇ ಮುಂದೆ ಬಂದಳು, ಫೋಟೊಗೆಂದು ತಲೆವಸ್ತ್ರ ಸರಿಮಾಡಿಕೊಂಡು.

"ಸುರೀಬೇಡ್ವೇ! ಮಸೀದಿ ಹಾಳಾಗತ್ತೆ! ಅದ್ರಲ್ಲಿ ನೀರಿದೆ!" ಎಂದು ಹವಾಬು ಕೂಗಿದಳು.

"ನೀರಾ? ಯಾರು ಹಾಕಿದ್ದು, ಅಕ್ಕಾ?"

ಅಂಗಳದ ತುಂಬ ಜನ. ಹವಾಬು ಮಡಕೆಯ ಬಾಯಿಗೆ ಕೈ ಅಡ್ಡ ಹಿಡಿದಳು.

"ನಾನೇ. ನಿನ್ನ ಗೋಡೆ ಬೀಳ್ಲಿ ಅಂತ."

"ಈ ವಯಸ್ಸಲ್ಲಿ ಇದೆಂಥಾ ಬುದ್ಧಿಯಮ್ಮಾ?" ಎಂದು ಇದ್ರಿಸಾ ತಲೆ ಚಚ್ಚಿಕೊಂಡ. ಜನ ನಕ್ಕರು. ಲಮಿಸಿ ಮಾತ್ರ ನಗಲಿಲ್ಲ, ಮಡಕೆಯನ್ನು ಮೆಲ್ಲಗೆ ಕೆಳಗಿಟ್ಟಳು.

ಇವತ್ತು ಕುದಿಯುತ್ತಿರುವುದು ಆ ಕೇಂದ್ರದ ಪಾಲಿನ ರಸ. ನಾಚಿಕೆಯಾಯಿತಾ ಎಂದರೆ ಆಯಿತು ಎನ್ನುತ್ತಾಳೆ. ಹೊಟ್ಟೆಯುರಿ ಹೋಯಿತಾ ಎಂದರೆ ಸೌದೆ ಮುಂದಕ್ಕೆ ತಳ್ಳುತ್ತಾಳೆ.

"ಈ ಸಲ ಮಸೀದಿಗಿಂತ ಗಟ್ಟಿಯಾಗಿ ಕುದಿಸ್ತೀನಿ. ನಾನು ಸತ್ರೂ ಆ ಗೋಡೆ ನಿಂತಿರ್ಬೇಕು. ನಿಂತಷ್ಟು ದಿನಾನೂ ಅವಳು ನನ್ನ ರಸಕ್ಕೇ ಒರಗಿಕೊಂಡು ಕೂರ್ಬೇಕು."